ಖಾಲಿ ಬೆಂಚುಗಳಲ್ಲಿ ಕೂತವರು

"ಏಳು ತಲೆಮಾರಿನ ಹೆಸರು ಹೇಳು ನೋಡೋಣ, ಕಂದಾ."

ಕಿದಿರಾಲಿ ಅಜ್ಜ ಕೇಳಿದ್ದು ಇಷ್ಟೇ. ಎದುರಿಗೆ ಗಂಡುಹುಡುಗ ಸಿಕ್ಕರೆ ಅವರು ಕೇಳದೆ ಬಿಡುವವರೇ ಅಲ್ಲ. ಮಿರ್ಲಾನ್ ಬೆಂಚಿನಿಂದ ಇಳಿದ, ಟೊಪ್ಪಿಯನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡ, ಕಣ್ಣು ಮುಚ್ಚಿದ.

"ಅಪ್ಪ ಜೆನಿಶ್. ಅವರಪ್ಪ ಸಾತಿಬಾಲ್ದಿ. ಅವರಪ್ಪ ಓಮುರ್. ಆಮೇಲೆ ತೊಕೋಯ್, ಬೈಗಾಜಿ, ಕುದಾಯ್‌ಬೆರ್ಗೆನ್, ಚಗಾಲ್ದಾಕ್."

ಒಂದೇ ಉಸಿರು. ಏಳಕ್ಕೆ ಎಂಟು ಕೂಡಿಸೆಂದರೆ ಬೆರಳು ಸಾಲದೆ ಗೆಳೆಯನ ಬೆರಳು ಎರವಲು ತರುವ ಹುಡುಗ, ಸತ್ತವರ ಹೆಸರನ್ನು ಮಾತ್ರ ಮಣಿ ಪೋಣಿಸಿದಂತೆ ಹೇಳಿ ಮುಗಿಸಿದ್ದ.

ಅಜ್ಜ ಭೇಷ್ ಅನ್ನಲಿಲ್ಲ. ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಅಲ್ಲ," ಎಂದರು.

ಮೂಲೆಯಲ್ಲಿ ಕಾಗದ ಹರಡಿಕೊಂಡು ಕೂತಿದ್ದ ಸಾದಾತ್ ತಲೆಯೆತ್ತಿದಳು. "ಏನಲ್ಲ ಅಜ್ಜಾ?"

"ಅವತ್ತು ಪರೀಕ್ಷೆ ದಿನ ಕಿಟಕಿ ಪಕ್ಕದ ಬೆಂಚಲ್ಲಿ ಕೂತಿದ್ದ ಮಿರ್ಲಾನ್‌ನ ಹೀಗೇ ಕೇಳಿದ್ದೆ. ಪ್ರಶ್ನೆ ಕಟ್ಟು ಒಡೆಯೋದು ತಡವಾಯ್ತು, ಮಕ್ಕಳು ಹೆದರಿ ಬೆವರ್ತಿದ್ವು, ಸುಮ್ನೆ ಮಾತಿಗೆ ಎಳೆದೆ. ಅವನು ಹೇಳಿದ ಹೆಸರುಗಳು ಇವಲ್ಲ."

ತೆರೆಕ್-ಬುಲುನ್ ಶಾಲೆಯ ನಾಲ್ಕನೇ ತರಗತಿ ಎರಡು ವರ್ಷ ಫಲಿತಾಂಶದ ಕೆಂಪು ಪಟ್ಟಿಗೆ ಬಿದ್ದು ಈ ಸಲ ಇದ್ದಕ್ಕಿದ್ದಂತೆ ಇಡೀ ಪ್ರಾಂತ್ಯಕ್ಕೆ ಮೊದಲು ಬಂದಾಗಿನಿಂದ, ಮೋಸ ಯಾರದೆಂದು ಹುಡುಕಿಕೊಂಡು ಬಂದ ತಪಾಸಣಾ ಕಚೇರಿಯ ಸಾದಾತ್ ಈ ಕೋಣೆಯಲ್ಲಿ ಚಹಾ ಕುಡಿದೂ ಕುಡಿದೂ ನಾಲಿಗೆ ಒಗರು ಮಾಡಿಕೊಂಡಿದ್ದಳು. ಒಬ್ಬರೂ ಒಂದು ಸುಳಿವು ಕೊಟ್ಟಿರಲಿಲ್ಲ. ಈಗ ಕೇಳದೇ ಇದ್ದ ಕಡೆಯಿಂದ ಬಂದಿತ್ತು.

"ಹೆಸರು ನೆನಪಿದೆಯಾ?"

"ಕೆಳಗಿನವು ಇಲ್ಲ ಮಗಳೇ, ಈಗಿನ ಹೆಸರೆಲ್ಲ ನಂಗೆ ಒಂದೇ ಥರ ಕೇಳ್ಸುತ್ತೆ. ನಾಲ್ಕನೇದು ಮಾತ್ರ ಸಾಯೋವರೆಗೆ ಮರೆಯಲ್ಲ. ಎಸೆನ್‌ಕುಲ್. ಉಚ್-ಕಾಯಿನ್ ಹಳ್ಳಿಯ ಹದ್ದು ಪಳಗಿಸೋ ಎಸೆನ್‌ಕುಲ್! ಅವನ ಹದ್ದು ತೋಳವನ್ನ ಕಣಿವೆಯಿಂದ ಎತ್ಕೊಂಡ್ ಬಂದಿದ್ದನ್ನ ನಮ್ಮಪ್ಪ ಹೇಳದ ಚಳಿಗಾಲವೇ ಇರಲಿಲ್ಲ. ಓಹೋ, ದೊಡ್ಡ ಮನೆತನದ ಮರಿ ಅಂತ ಹುಡುಗನ ತಲೆ ಸವರಿದೆ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಸಾದಾತ್‌ಳ ದನಿ ಅವಳಿಗೇ ಇಷ್ಟವಾಗದಷ್ಟು ಏರಿತು.

"ನೀವು ಕೇಳ್ಲಿಲ್ಲ." ಅಜ್ಜನಿಗೂ ಸಿಟ್ಟು ಬಂತು. "ಪರೀಕ್ಷಾ ಕೋಣೆ ಕಾಯೋಕೆ ಹೊರಗಿನವರೇ ಬೇಕು ಅಂತ ನದಿಯಾಚೆಯಿಂದ ಈ ಮುದಿ ಪಶುವೈದ್ಯನ್ನ ಕರ್ಸಿದ್ರಿ, ಬಂದೆ. ಆಮೇಲೆ ಒಂದು ಫಾರ್ಮ್ ಕೊಟ್ರಿ. ಫೋನ್ ಇತ್ತಾ, ಗುರುತು ಹಾಕಿ. ಪಿಸುಗುಟ್ಟಿದ್ರಾ, ಗುರುತು ಹಾಕಿ. ಮಗು ಯಾರ ಮಗ ಅಂತ ಬರೆಯೋಕೆ ಅದ್ರಲ್ಲಿ ಜಾಗ ಎಲ್ಲಿತ್ತು?"

ಇರಲಿಲ್ಲ. ಆ ಫಾರ್ಮನ್ನು ರೂಪಿಸಿದ ಸಮಿತಿಯಲ್ಲಿ ಸಾದಾತ್ ಕೂಡ ಇದ್ದಳು.

ಅವಳು ಹುಡುಗನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಮಿರ್ಲಾನ್, ಪರೀಕ್ಷೆ ದಿನ ನೀನೆಲ್ಲಿದ್ದೆ?"

"ಜ್ವರ ಬಂದಿತ್ತು."

"ಯಾವ ಜ್ವರ?"

"ಪರೀಕ್ಷೆ ಜ್ವರ. ವರ್ಷ ವರ್ಷ ಬರುತ್ತೆ. ನಿಂಗೆ ನಾಳೆ ಜ್ವರ ಬರುತ್ತೆ ಕಣೋ ಅಂತ ಹಿಂದಿನ ದಿನವೇ ಹೇಳಿ ಕಳಿಸ್ತಾರೆ. ಬೆಳಗ್ಗೆ ನಮ್ಮನ್ನೆಲ್ಲ ಲಾರಿ ಹತ್ತಿಸಿ ಮೇಲಿನ ಹುಲ್ಲುಗಾವಲಿಗೆ ಕರ್ಕೊಂಡ್ ಹೋಗ್ತಾರೆ." ಹುಡುಗನ ಮುಖ ಅರಳಿತು. "ಕುರಿಮರಿ ಇರ್ತವೆ. ಎಣ್ಣೆಯಲ್ಲಿ ಕರಿದ ಬೋರ್ಸೋಕ್ ಎಷ್ಟು ಬೇಕಾದ್ರೂ ತಿನ್ಬಹುದು."

"ನಮ್ಮನ್ನೆಲ್ಲ ಅಂದ್ರೆ ಯಾರನ್ನ?"

"ದಡ್ಡರನ್ನ," ಎಂದ ಮಿರ್ಲಾನ್, ತನ್ನ ಕುಲದ ಹೆಸರು ಹೇಳುವಷ್ಟೇ ಸಹಜವಾಗಿ.

ಸಾದಾತ್ ಎದ್ದು ಕಿಟಕಿಯ ಹತ್ತಿರ ಹೋದಳು. ಬೆಟ್ಟಗಳ ನೆತ್ತಿಯಲ್ಲಿ ಹಿಮ ಇನ್ನೂ ಕರಗದೆ, ಯಾರೋ ಒಣಹಾಕಿ ಮರೆತ ಬಿಳಿ ಬಟ್ಟೆಯಂತೆ ಕೂತಿತ್ತು. ಅವಳಜ್ಜಿಯ ಕಥೆಯಲ್ಲಿ ತಾಮ್ರದ ಮೂಗಿನ ಮುದುಕಿಯೊಬ್ಬಳು ಬರುತ್ತಿದ್ದಳು. ತೊಟ್ಟಿಲಿನ ಮಗುವನ್ನು ಕದ್ದು ಅದೇ ಮೈ, ಅದೇ ಮುಖದ ಇನ್ನೊಂದನ್ನು ಮಲಗಿಸಿ ಹೋಗುವವಳು. ಕಥೆಯ ತಾಯಿಗೆ ಅದು ಹೇಗೋ ಗೊತ್ತಾಗಿಬಿಡುತ್ತಿತ್ತು. ಇಲ್ಲಿ ಒಂದಿಡೀ ಸಾಲು ಮಕ್ಕಳು ಬದಲಾಗಿದ್ದವು, ಊರಿಗೆ ಊರೇ ಚಹಾ ಕುಡಿಯುತ್ತ ಕೂತಿತ್ತು.

ಕೈಚೀಲದಲ್ಲಿ ಫೋನ್ ಗುರುಗುಟ್ಟಿತು. ಜಪರ್, ಅವಳ ಮೇಲಧಿಕಾರಿ.

"ಸಾದಾತ್, ಇವತ್ತು ಐದಕ್ಕೆ ಸಮಿತಿ ಕೂರುತ್ತೆ. ಹೆಸರು ಸಿಕ್ತಾ?"

"ಸರ್, ಇಲ್ಲಿ ಬೇರೇನೋ ಇದೆ. ಇವತ್ತೊಂದು ದಿನ ಕೊಡಿ."

"ಬೇರೇನೋ ಅಂತ ಸಮಿತಿ ಮುಂದೆ ಬರೆಯೋಕಾಗುತ್ತಾ? ಒಂದು ಹೆಸರು ಬೇಕು. ತರಗತಿ ಬುರುಲ್ ಅವರದು, ಉತ್ತರ ಮೊದಲೇ ಹೇಳಿಕೊಟ್ಟವರೂ ಅವರೇ. ಬರೆಸ್ಕೊಂಡು ಕಳಿಸು, ಮುಗೀತು."

"ಅವರಿನ್ನು ಜನ್ಮದಲ್ಲಿ ಪಾಠ ಮಾಡೋ ಹಾಗಿಲ್ಲ ಸರ್. ಅದು ಗೊತ್ತಲ್ಲ?"

"ನಿಯಮ ನಾನು ಮಾಡಿದ್ನಾ?" ಫೋನ್ ಕಟ್ಟಾಯಿತು.

ಬುರುಲ್ ನಾಲ್ಕನೇ ತರಗತಿಯ ಟೀಚರ್. ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅದೇ ಕೋಣೆಯಲ್ಲಿ ಅಕ್ಷರ ಹೇಳಿಕೊಡುತ್ತ ಬಂದವಳು. ಮೂರು ವಾರಗಳಿಂದ ಎಲ್ಲರ ಬೆರಳೂ ಅವಳ ಕಡೆಗೇ. ಅವಳೋ ಒಂದು ಮಾತು ಆಡಿದವಳಲ್ಲ. ಆದರೂ ಸಾದಾತ್‌ಗೆ ತಪ್ಪು ಅವಳದಲ್ಲವೆಂಬ ನಂಬಿಕೆಯಿತ್ತು, ಅವಳ ಪರವಾಗಿ ಜಪರ್ ಜೊತೆ ದಿನಾ ಒಂದಲ್ಲ ಒಂದು ಜಗಳ ಕಾಯುತ್ತಲೇ ಇದ್ದಳು. ಇವತ್ತು ಮೊದಲ ಸಲ ಆ ನಂಬಿಕೆಗೆ ಕಾಲು ಬಂದಿತ್ತು. ಪರೀಕ್ಷೆಯ ದಿನ ಯಾವ ಟೀಚರೂ ತನ್ನ ಶಾಲೆಯಲ್ಲಿ ಇರುವಂತಿಲ್ಲ. ಬುರುಲ್ ಅವತ್ತು ಬೇರೆಲ್ಲೋ ಕಾವಲಿಗೆ ಹೋಗಿದ್ದಳು. ಇಲ್ಲಿ ಬೆಂಚಿನ ಮೇಲೆ ಯಾರು ಕೂತರೆಂಬುದು ಅವಳ ತಲೆಗೆ ಬರುವ ಪಾಪವಲ್ಲ.

ಸಾದಾತ್ ಹೆಡ್‌ಮಾಸ್ಟರ್ ಕೋಣೆಯ ಬಾಗಿಲನ್ನು ತಟ್ಟದೆಯೇ ತೆರೆದಳು.

*

"ಬನ್ನಿ ಬನ್ನಿ, ರೊಟ್ಟಿ ಮುರೀರಿ ಮೊದಲು," ಎಂದರು ಹೆಡ್‌ಮಾಸ್ಟರ್ ಸಗಿನ್‌ಬೆಕ್.

ದಪ್ಪ ಮನುಷ್ಯ, ದಪ್ಪ ಕನ್ನಡಕ. ಹಿಂದಿನ ಗೋಡೆಯ ತುಂಬ ಒಂದು ಬಣ್ಣದ ನಕ್ಷೆ. ಜಿಲ್ಲೆಯ ಶಾಲೆಗಳೆಲ್ಲ ಅದರಲ್ಲಿ ಹಸಿರು, ಹಳದಿ, ಕೆಂಪು ಚುಕ್ಕೆಗಳಾಗಿದ್ದವು. ತೆರೆಕ್-ಬುಲುನ್ ಚುಕ್ಕೆಯ ಕೆಂಪಿನ ಮೇಲೆ ಯಾರೋ ಹಸಿರು ಕಾಗದ ಅಂಟಿಸಿದ್ದರು, ಅಂಚಿನಿಂದ ಕೆಂಪು ಇಣುಕುತ್ತಿತ್ತು.

"ರೊಟ್ಟಿ ಬೇಡ ಮೇಷ್ಟ್ರೇ. ಮಾತಾಡ್ಬೇಕು."

"ಮುಂದಿಟ್ಟ ರೊಟ್ಟಿ ಮುಟ್ಟದೆ ಮಾತಾ? ನಮ್ಮನ್ನ ಏನಂದ್ಕೊಂಡ್ರಿ?"

ಬೇಡ ಎನ್ನುವ ಹಾಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಸಾದಾತ್ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಅವರು ಜಾಮ್ ಎಂದರು, ಕೆನೆ ಎಂದರು, ಈ ವರ್ಷ ಹುಲ್ಲು ಚೆನ್ನಾಗಿದೆ ಎಂದರು. ಅವಳು ಅಗಿದು ನುಂಗುವ ತನಕ ಕಾದು ಮತ್ತೊಂದು ತಟ್ಟೆ ಮುಂದೂಡಿದರು.

"ಹುಲ್ಲಿನ ಮಾತು ನೀವೇ ತೆಗೆದಿರಿ," ಎಂದಳು ಸಾದಾತ್. "ಪರೀಕ್ಷೆ ದಿನ ಹುಲ್ಲುಗಾವಲಿಗೆ ಎಷ್ಟು ಮಕ್ಕಳನ್ನ ಕಳಿಸಿದ್ರಿ?"

ತಟ್ಟೆ ಅರ್ಧದಲ್ಲಿ ನಿಂತಿತು.

"ಯಾರಂದ್ರು?"

"ಜ್ವರ ಬಂದವರೇ ಅಂದ್ರು."

ಸಗಿನ್‌ಬೆಕ್ ಕನ್ನಡಕ ತೆಗೆದು ಮೂಗಿನ ಎರಡೂ ಕಡೆ ಉಜ್ಜಿಕೊಂಡರು. ಆಮೇಲೆ, ಅವಳು ನಿರೀಕ್ಷಿಸಿದ ಹಾಗೆ ಹೆದರುವ ಬದಲು, ರೇಗಿದರು.

"ಹೌದಮ್ಮಾ, ಕಳಿಸ್ದೆ. ಈ ಪ್ರಾಂತ್ಯದಲ್ಲಿ ಪರೀಕ್ಷೆ ದಿನ ದಡ್ಡ ಮಕ್ಕಳಿಗೆ ಜ್ವರ ಬರದೇ ಇರೋ ಒಂದು ಶಾಲೆ ತೋರ್ಸಿ, ನನ್ನ ಟೊಪ್ಪಿ ತೆಗೆದು ನಿಮ್ಮ ಕಾಲ ಹತ್ರ ಇಡ್ತೀನಿ. ಏನ್ಮಾಡ್ಬೇಕಿತ್ತು? ಮೂರನೇ ವರ್ಷವೂ ಕೆಂಪಾದ್ರೆ ಬಾಗಿಲಿಗೆ ಬೀಗ. ಆಮೇಲೆ ಈ ಊರಿನ ಮಕ್ಕಳು ನದಿ ದಾಟಿ ಹೋಗ್ಬೇಕು. ಜನವರಿ ತಿಂಗಳಲ್ಲಿ ಆ ಸೇತುವೆ ಮೇಲೆ ನೀವು ನಡೆದಿದೀರಾ? ನಾನು ನಡೆದಿದೀನಿ. ಕೈ ಹಿಡ್ಕೊಳೋಕೆ ಕಂಬಿನೂ ಇಲ್ಲ."

"ಅದಕ್ಕೆ ಉಚ್-ಕಾಯಿನ್‌ನಿಂದ ಬೇರೆ ಮಕ್ಕಳನ್ನ ತಂದು ಕೂರಿಸಿದ್ರಿ."

"ಯಾವ ಬೇರೆ ಮಕ್ಕಳು?"

"ಮೇಷ್ಟ್ರೇ."

"ಯಾವ ಬೇರೆ ಮಕ್ಕಳು ಅಂದೆ!"

"ಎಸೆನ್‌ಕುಲ್ ಮನೆತನದ ಹುಡುಗ, ಮಿರ್ಲಾನ್‌ನ ಬೆಂಚಲ್ಲಿ ಕೂತು ಮಿರ್ಲಾನ್‌ನ ಹೆಸರಲ್ಲಿ ಪರೀಕ್ಷೆ ಬರೆದ. ಕಿದಿರಾಲಿ ಅಜ್ಜನ ಮುಂದೆ ತನ್ನ ಏಳು ತಲೆ ಒಪ್ಪಿಸಿದ. ಇನ್ನೂ ಹೇಳ್ಲಾ?"

ಸಗಿನ್‌ಬೆಕ್ ಎದ್ದರು. ನಕ್ಷೆಯ ಮುಂದೆ ಹೋಗಿ, ಬೆನ್ನು ತಿರುಗಿಸಿ, ಆ ಹಸಿರು ಕಾಗದದ ಅಂಚನ್ನು ಹೆಬ್ಬೆರಳಿನಿಂದ ಒತ್ತತೊಡಗಿದರು. ಅದು ಒತ್ತಿದಷ್ಟೂ ಏಳುತ್ತಿತ್ತು.

"ನಾನು ಬೆಂಚು ಖಾಲಿ ಬಿಟ್ಟಿದ್ದೆ," ಎಂದರು ಕೊನೆಗೆ, ದನಿ ಇಳಿಸಿ. "ರೊಟ್ಟಿ ಮೇಲೆ ಆಣೆ. ಲಾರಿ ಕಳಿಸಿ ಬಂದು, ಕಾರಿಡಾರಿಂದ ಬಾಗಿಲ ಗಾಜಲ್ಲಿ ಒಂದ್ಸಲ ಹಣಕಿ ನೋಡ್ದೆ. ಎಲ್ಲ ಬೆಂಚೂ ತುಂಬಿತ್ತು. ಕಣ್ಣುಜ್ಕೊಂಡು ಮತ್ತೆ ನೋಡ್ದೆ. ತುಂಬೇ ಇತ್ತು."

"ಕೇಳ್ಲಿಲ್ವಾ, ಯಾರಿದು ಅಂತ?"

"ಕೇಳಿದ್ರೆ ಗೊತ್ತಾಗ್ತಿತ್ತು. ಗೊತ್ತಾದ್ರೆ ಹೇಳ್ಬೇಕಾಗ್ತಿತ್ತು."

"ಹೆಡ್‌ಮಾಸ್ಟರ್ ಆಡೋ ಮಾತಾ ಇದು?"

"ಮೂರು ವರ್ಷದಿಂದ ನಾನು ಹೆಡ್‌ಮಾಸ್ಟರ್ ಅಲ್ಲಮ್ಮ, ಚುಕ್ಕೆ ಕಾಯೋನು. ನಿಮ್ಮ ಕಚೇರಿಯಿಂದ ಒಬ್ಬರಾದ್ರೂ ಬಂದು ಮಿರ್ಲಾನ್‌ಗೆ ಯಾಕೆ ಲೆಕ್ಕ ಬರಲ್ಲ ಅಂತ ಕೇಳಿದೀರಾ? ಚುಕ್ಕೆ ಯಾಕೆ ಕೆಂಪು ಅಂತ ಕೇಳೋರೇ ಎಲ್ಲ."

ಸಾದಾತ್‌ಗೆ ಮೈ ಉರಿಯಿತು. ಈ ಮನುಷ್ಯ ತಪ್ಪು ಒಪ್ಪಿಕೊಳ್ಳುತ್ತಲೇ ಗೆದ್ದವನ ಹಾಗೆ ನಿಂತಿದ್ದ.

"ಬೆಂಚು ಖಾಲಿ ಇರುತ್ತೆ ಅಂತ ಮುಂಚೆ ಯಾರಿಗೆಲ್ಲ ಗೊತ್ತಿತ್ತು?"

"ಲಾರಿ ಓಡಿಸೋನು ನನ್ನ ತಮ್ಮ. ಅವನು ಕುಡಿದಾಗ ಮಾತ್ರ ಬಾಯಿ ಬಿಡೋದು, ಆ ವಾರ ಅವನ ಹೆಂಡ್ತಿ ಕುಡಿಯೋಕೆ ಬಿಟ್ಟಿರಲಿಲ್ಲ."

"ಮತ್ತೆ?"

ಅವರು ಕನ್ನಡಕವನ್ನು ಮತ್ತೆ ಮೂಗಿಗೇರಿಸಿಕೊಂಡರು.

"ಮತ್ತೆ ಯಾರಿಗೆ, ಮೇಷ್ಟ್ರೇ?"

"ಬುರುಲ್‌ಗೆ. ಮನೆ ಮನೆಗೆ ಹೋಗಿ ಜ್ವರದ ವಿಷಯ ಹೇಳ್ಬೇಕಾದವರು ಅವರೇ ಅಲ್ವಾ? ಬೆಂಕಿಯಂಥ ಜಗಳ ಆಡಿದ್ರು. ನನ್ನ ಮಕ್ಕಳನ್ನ ಕುರಿಗಳ ಜೊತೆ ಎಣಿಸ್ತೀರಾ ಅಂದ್ರು. ಮಾರನೇ ದಿನ ಬಂದು, ಆಯ್ತು ಸರ್, ಹೇಳಿ ಬರ್ತೀನಿ ಅಂದ್ರು. ಅಷ್ಟೇ. ತಣ್ಣಗೆ."

ಬುರುಲ್ ಜಗಳದ ಮಾರನೇ ದಿನ ತಣ್ಣಗಾಗುವ ಹೆಂಗಸೇ?

"ಅವತ್ತು ಅವರನ್ನ ಕಾವಲಿಗೆ ಎಲ್ಲಿಗೆ ಹಾಕಿದ್ರು?" ಸಾದಾತ್ ಕೇಳಿದಳು. ಇಷ್ಟು ದಿನ ಬೇರೆಲ್ಲೋ ಎಂಬುದಷ್ಟೇ ಅವಳಿಗೆ ಸಾಕಾಗಿತ್ತು.

ಹೆಡ್‌ಮಾಸ್ಟರ್ ತಿರುಗಿ ನೋಡಿದರು. ಆ ನೋಟದಲ್ಲಿ ಗೆಲುವೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಬರೀ ದಣಿವಿತ್ತು.

"ಉಚ್-ಕಾಯಿನ್‌ಗೆ. ಅವರೇ ಕೇಳಿ ಹಾಕಿಸ್ಕೊಂಡ್ರು. ತವರೂರಲ್ವಾ, ತಾಯಿನ ನೋಡ್ಕೊಂಡ್ ಬರ್ತೀನಿ ಅಂದ್ರು."

*

ಬೇಸಿಗೆ ರಜೆಗೆ ಮುಂಚೆ ಪ್ರತಿ ಟೀಚರೂ ತನ್ನ ಕೋಣೆಗೆ ತಾನೇ ಬಣ್ಣ ಹಚ್ಚಬೇಕು. ಬುರುಲ್ ಮೇಜಿನ ಮೇಲೆ ಸ್ಟೂಲಿಟ್ಟು, ಅದರ ಮೇಲೆ ನಿಂತು, ಕಿಟಕಿಯ ಚೌಕಟ್ಟಿಗೆ ನೀಲಿ ಬಳಿಯುತ್ತಿದ್ದಳು. ತಲೆಗೆ ಕಟ್ಟಿದ ವಸ್ತ್ರದ ಮೇಲೆ ನೀಲಿ ಹನಿಗಳು. ಮುಂದಿನ ವರ್ಷ ಈ ಕೋಣೆಗೆ ಕಾಲಿಡುತ್ತಾಳೋ ಇಲ್ಲವೋ ಗೊತ್ತಿಲ್ಲದವಳು, ಮೂಲೆಯನ್ನೂ ಬಿಡದೆ ಬಳಿಯುತ್ತಿದ್ದಳು.

"ಬಣ್ಣ ಸೋಕೀತು, ದೂರ ನಿಲ್ಲು ತಂಗಿ," ಎಂದಳು ತಿರುಗದೆ.

"ಎಸೆನ್‌ಕುಲ್ ನಿಮಗೆ ಏನಾಗ್ಬೇಕು ಅಕ್ಕಾ?"

ಬ್ರಷ್ ನಿಂತಿತು. ಒಂದು ಹನಿ ಚೌಕಟ್ಟಿನಿಂದ ಇಳಿದು ಗಾಜಿನ ಮೇಲೆ ಗೆರೆ ಎಳೆಯಿತು. ಬುರುಲ್ ಅದನ್ನು ಸೆರಗಿನ ತುದಿಯಂತಿದ್ದ ತಲೆವಸ್ತ್ರದ ಚುಂಗಿನಿಂದ ಒರೆಸಿದಳು, ಕೆಳಗಿಳಿದಳು, ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟಳು.

"ಮುತ್ತಜ್ಜ. ಆ ಹುಡುಗ ನನ್ನ ಅಣ್ಣನ ಮಗ." ಅಷ್ಟು ಹೇಳಿ ಒಂದು ಪುಟ್ಟ ಬೆಂಚಿನಲ್ಲಿ ಮಕ್ಕಳ ಹಾಗೆ ಮಂಡಿ ಕೂಡಿಸಿ ಕೂತಳು. "ಏಳು ತಲೆ ಕೇಳಿದ್ರಾ ಅವನನ್ನ? ಅಯ್ಯೋ ನನ್ನ ಕಂದಾ."

ಸಾದಾತ್‌ಗೆ ಕೂರಲು ಮನಸ್ಸಾಗಲಿಲ್ಲ. "ಮೂರು ವಾರ, ಅಕ್ಕಾ. ಮೂರು ವಾರದಿಂದ ನಿಮಗೋಸ್ಕರ ಮೇಲಿನವರ ಹತ್ರ ಬೈಸ್ಕೊಂಡಿದೀನಿ. ಬುರುಲ್ ಅಂಥವರಲ್ಲ ಅಂತ ಕತ್ತೆ ಥರ ಹೇಳಿದ್ದನ್ನೇ ಹೇಳಿದೀನಿ. ನೀವು ನನ್ನ ಮುಖ ನೋಡ್ಕೊಂಡು ಚಹಾ ಸುರೀತಾ ಇದ್ರಿ!"

"ನಾನು ಅಂಥವಳಲ್ಲ ಅಂತ ನಿನಗೆ ಯಾವತ್ತಾದ್ರೂ ಹೇಳಿದ್ನಾ?"

ಹೇಳಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಯಾಕೆ ಮಾಡಿದ್ರಿ?"

"ಈ ವರ್ಷದ ಸುತ್ತೋಲೆ ನೀನು ಪೂರ್ತಿ ಓದಿದೀಯಾ? ನಮ್ಮ ಹೆಡ್‌ಮಾಸ್ಟ್ರು ಮೊದಲ ಪುಟ ಮಾತ್ರ ಓದೋರು. ಕೊನೇ ಪುಟದಲ್ಲಿತ್ತು. ಇನ್ಮೇಲೆ ಗೈರುಹಾಜರಾದ ಮಗುವಿಗೆ ಸೊನ್ನೆ ಅಂತ. ಅವರು ಹಳೇ ಲೆಕ್ಕದಲ್ಲಿ ಮಕ್ಕಳನ್ನ ಗುಡ್ಡಕ್ಕೆ ಕಳಿಸೋಕೆ ಹೊರಟ್ರು. ಅಷ್ಟೂ ಸೊನ್ನೆ ಬಿದ್ರೆ ಶಾಲೆ ಅವತ್ತೇ ಮುಚ್ಚೋಗ್ತಿತ್ತು. ಹೇಳೋಕೆ ಹೋದೆ. ನಿನ್ನ ಕೆಲಸ ಉಳಿಸ್ಕೋ ಹೋಗು, ನಂಗೆ ನಿಯಮ ಕಲಿಸ್ಬೇಡ ಅಂದ್ರು. ಕೊನೇ ಪುಟ ಕೈಲಿ ಹಿಡ್ಕೊಂಡೇ ಹೋಗಿದ್ದೆ ತಂಗಿ, ತಿರುಗಿಸಿ ನೋಡ್ಲಿಲ್ಲ."

"ಅದಕ್ಕೆ ಬದಲಿ ಮಕ್ಕಳು."

"ಉಚ್-ಕಾಯಿನ್‌ನಲ್ಲಿ ಅವತ್ತು ಐದನೇ ತರಗತಿಗೆ ರಜೆ. ಅಣ್ಣ ತನ್ನ ವ್ಯಾನಲ್ಲಿ ಅವರನ್ನ ಕೆಳಗೆ ತಂದ. ನಾನು ಕಾವಲಿಗೆ ಮೇಲೆ ಹೋಗ್ತಿದ್ದೆ. ದಾರೀಲಿ ಎದುರಾದ್ರು. ಮಕ್ಕಳೆಲ್ಲ ಕಿಟಕಿಯಿಂದ ಕೈ ಬೀಸಿದ್ರು, ಪಿಕ್‌ನಿಕ್ಕಿಗೆ ಹೊರಟವರ ಹಾಗೆ. ನಾನು ತಲೆ ಎತ್ಲಿಲ್ಲ."

ಅವಳು ಉಗುರಿನ ನೀಲಿಯನ್ನು ಕೆರೆಯುತ್ತ ಮುಂದುವರಿಸಿದಳು. "ಹೊಸ ಹೆಸರು ಕಲಿಸಿದ್ದೆ. ಹುಟ್ಟಿದ ದಿನ, ಬೀದಿ, ಮನೆ, ನಾಯಿ ಹೆಸರು ಕೂಡ. ಏಳು ತಲೆ ಮಾತ್ರ ಹೊಳೀಲೇ ಇಲ್ಲ. ಹೊಳೆದಿದ್ರೂ ಕಲಿಸ್ತಿರಲಿಲ್ಲ ಬಿಡು. ಮಗು ಬಾಯಲ್ಲಿ ಬೇರೆಯವರ ಸತ್ತವರನ್ನ ನಮ್ಮವರು ಅನ್ನಿಸೋದಾ? ಅಷ್ಟೊಂದು ನಾನು ಇಳಿದಿಲ್ಲ."

ಹೊರಗೆ ಕಿದಿರಾಲಿ ಅಜ್ಜ ಬಸ್ಸಿಗೆ ಕಾಯುತ್ತ ಮೆಟ್ಟಿಲ ಮೇಲೆ ಕೂತು ಯಾರಿಗೋ ಹದ್ದಿನ ಕಥೆ ಶುರುಮಾಡಿದ್ದು ಕೇಳಿಸುತ್ತಿತ್ತು.

"ಬರ್ಕೋ ತಂಗಿ," ಎಂದಳು ಬುರುಲ್. "ನಾನೇ ಉತ್ತರ ಹೇಳಿಕೊಟ್ಟೆ ಅಂತ ಬರ್ಕೋ, ಸಹಿ ಹಾಕ್ತೀನಿ. ಮಕ್ಕಳನ್ನ ಬದಲಾಯಿಸಿದ್ದು ಮಾತ್ರ ಬರೀಬೇಡ. ಒಬ್ಬಳ ತಪ್ಪಾದ್ರೆ ಒಬ್ಬಳು ಹೋಗ್ತಾಳೆ, ಶಾಲೆ ಉಳಿಯುತ್ತೆ. ಲಾರಿ, ವ್ಯಾನು, ಹೆಡ್‌ಮಾಸ್ಟ್ರು ಎಲ್ಲ ಬಂದ್ರೆ ಅದು ಶಾಲೆಯ ತ‍ಪ್ಪು. ಆಗ ಬೀಗ. ನಿಯಮ ನಿನಗೇ ಚೆನ್ನಾಗಿ ಗೊತ್ತು."

ಗೊತ್ತಿತ್ತು. ಸುಳ್ಳು ಬರೆದರೆ ಶಾಲೆ ಉಳಿಯುತ್ತದೆ, ನಿಜ ಬರೆದರೆ ಮುಚ್ಚುತ್ತದೆ. ಮಕ್ಕಳಿಗೆ ಪ್ರಾಮಾಣಿಕತೆ ಕಲಿಸಲೆಂದು ತಂದ ನಿಯಮವಂತೆ ಇದು. ಸಾದಾತ್‌ಗೆ ನಗಬೇಕೋ, ಆ ನೀಲಿ ಡಬ್ಬಿಯನ್ನು ಎತ್ತಿ ಗೋಡೆಗೆ ಬಡಿಯಬೇಕೋ ತಿಳಿಯಲಿಲ್ಲ.

ಕಾಗದ ತೆಗೆದಳು. ಬುರುಲ್ ಹೇಳಿದ್ದನ್ನೇ ಅಧಿಕಾರಿಗಳ ಭಾಷೆಯಲ್ಲಿ ನಾಲ್ಕು ಸಾಲು ಬರೆದಳು. ಕೊನೆಯ ಸಾಲು ಮುಗಿಸಿ ಪೆನ್ನು ಮೇಜಿನ ಮೇಲೆ ಎಸೆದಳು.

"ಒಂದು ಮಾತು ಹೇಳಿ. ಅಷ್ಟೆಲ್ಲ ತಲೆ ಓಡಿಸಿದೋರು, ಇಡೀ ಪ್ರಾಂತ್ಯಕ್ಕೆ ಮೊದಲು ಬರೋ ಹಾಗೆ ಬರೆಸ್ತಾರಾ? ಸ್ವಲ್ಪ ಕಮ್ಮಿ ಬರೆಸಿದ್ರೆ ಯಾವ ನಾಯಿನೂ ಈ ಕಡೆ ಮೂಗು ಹಾಕ್ತಿರಲಿಲ್ಲ!"

ಬುರುಲ್ ಅವಳನ್ನೇ ದಿಟ್ಟಿಸಿದಳು. "ನಾನೂ ಅದನ್ನೇ ನಿನ್ನ ಕೇಳ್ಬೇಕು ಅಂತಿದ್ದೆ."

"ಏನನ್ನ?"

"ಅರ್ಧ ಖಾಲಿ ಬಿಡಿ ಅಂತ ಹೇಳಿ ಕಳಿಸಿದ್ದೆ. ಗೊತ್ತಿದ್ರೂ ಬಿಡಿ, ನಮ್ಮ ಮಿರ್ಲಾನ್ ಬರೆಯೋ ಅಷ್ಟೇ ಬರೀರಿ, ಸೊನ್ನೆ ಬೀಳದಿದ್ರೆ ಸಾಕು ಅಂತ. ಬಿಟ್ಟು ಬಂದಿದೀವಿ ಅತ್ತೆ ಅಂತ ಅಣ್ಣನ ಮಗ ಸಂಜೆ ಹೇಳ್ದ. ಮೊದಲ ಸ್ಥಾನ ಅಂತ ಸುದ್ದಿ ಬಂದಾಗ ಯಾರೋ ತಮಾಷೆ ಮಾಡ್ತಿದಾರೆ ಅಂದ್ಕೊಂಡೆ."

ಸಾದಾತ್ ಬಾಗಿಲಿಗೆ ಹೋಗಿ ಕೂಗಿದಳು. "ಅಜ್ಜಾ! ಒಂದು ನಿಮಿಷ ಬನ್ನಿ."

ಕಿದಿರಾಲಿ ಅಜ್ಜ ಕೋಲೂರುತ್ತ ಬಂದರು. ಹದ್ದು ಇನ್ನೂ ಆಕಾಶದಲ್ಲೇ ಇದ್ದುದರಿಂದ ಮುಖದಲ್ಲಿ ಅಸಮಾಧಾನವಿತ್ತು.

"ಅವತ್ತು ಉತ್ತರದ ಹಾಳೆ ಕೈಗೆ ತಗೊಂಡಾಗ ಹೇಗಿತ್ತು? ತುಂಬ ಬರೆದಿದ್ರಾ?"

"ಎಲ್ಲಿ ಬರೆದಿದ್ರು ಮಗಳೇ, ಕಿಟಕಿ ಕಡೆ ಸಾಲಿನವರದೆಲ್ಲ ಅರ್ಧಕ್ಕರ್ಧ ಖಾಲಿ. ಅಯ್ಯೋ ಪಾಪ ಅನ್ನಿಸ್ತು. ಖಾಲಿ ಜಾಗಕ್ಕೆಲ್ಲ ನಾನೇ ಅಡ್ಡಗೆರೆ ಎಳೆದೆ, ಕೆಂಪು ಪೆನ್ನಲ್ಲಿ. ಆಮೇಲೆ ಯಾರೂ ಏನೂ ತುಂಬಬಾರ್ದು ಅಂತ ಹಾಗೆ ಎಳೀಬೇಕಂತಲ್ಲ. ಎಳೆದೂ ಎಳೆದೂ ಬೆರಳು ಮರಗಟ್ಟಿತ್ತು. ಚೀಲಕ್ಕೆ ಹಾಕಿ, ಅರಗಿನ ಮುದ್ರೆ ಒತ್ತಿ, ನಿಮ್ಮ ಕಚೇರಿ ಜೀಪಿಗೆ ಕೊಟ್ಟೆ."

ಸಾದಾತ್ ಆ ಹಾಳೆಗಳನ್ನು ನೋಡಿದ್ದಳು. ತನಿಖೆಗೆ ಹೊರಡುವ ಮುಂಚೆ ಜಪರ್ ತಮ್ಮ ಮೇಜಿನ ಮೇಲೆ ಅವನ್ನು ಒಂದೊಂದಾಗಿ ಹರಡಿ ತೋರಿಸಿದ್ದರು. ನೋಡು, ಒಂದೂ ತಪ್ಪಿಲ್ಲ, ಮೋಸ ಅಲ್ಲದೆ ಇದೇನು ಎಂದಿದ್ದರು. ಅಂಚಿನಿಂದ ಅಂಚಿಗೆ ತುಂಬಿದ ಹಾಳೆಗಳು. ಕೆಂಪು ಗೆರೆ ಒಂದೂ ಇರಲಿಲ್ಲ.

ಅಂದರೆ ಅವು ಈ ಕೋಣೆಯಲ್ಲಿ ಬರೆದ ಹಾಳೆಗಳೇ ಅಲ್ಲ.

ಹೆಡ್‌ಮಾಸ್ಟರ್ ಬೆಂಚು ಖಾಲಿ ಮಾಡಿಸಿದರು. ಟೀಚರ್ ಖಾಲಿ ಬೆಂಚು ತುಂಬಿಸಿದಳು. ಇಬ್ಬರಿಗೂ ಗೊತ್ತಿಲ್ಲದ ಮೂರನೆಯ ಕೈಯೊಂದು, ಮುದ್ರೆ ಒತ್ತಿದ ಚೀಲ ಕಚೇರಿ ಸೇರಿದ ಮೇಲೆ, ಹಾಳೆಗಳನ್ನೇ ಬದಲಾಯಿಸಿತ್ತು. ಶಾಲೆಗಳಿಗೆ ಚುಕ್ಕೆ ಇರುವಂತೆ ಪ್ರಾಂತ್ಯಗಳಿಗೂ ಚುಕ್ಕೆ ಇತ್ತು. ಪ್ರಾಂತ್ಯದ ಚುಕ್ಕೆಗೆ ತಲೆ ಕೊಡಬೇಕಾದವರು ಒಬ್ಬರೇ, ಜಪರ್; ಮೋಸದ ಗುಲ್ಲೆದ್ದ ಮೇಲೆ ಬೇರೊಬ್ಬರ ಹೆಸರು ಬೇಕಾದದ್ದೂ ಅವರಿಗೇ.

ಚೀಲಗಳನ್ನಿಡುವ ಕಬ್ಬಿಣದ ಬೀರುವಿಗೆ ಎರಡೇ ಬೀಗದ ಕೈ. ಒಂದು ಜಪರ್ ಅವರದು. ಇನ್ನೊಂದು ಅವಳದು.

"ಯಾಕೆ ಹಾಗೆ ಬಿಳುಚಿಕೊಂಡೆ?" ಎಂದಳು ಬುರುಲ್.

ಫೋನ್ ಗುರುಗುಟ್ಟಿತು. ಸಾದಾತ್ ಕಿವಿಗಿಟ್ಟುಕೊಂಡು ಕಾರಿಡಾರಿಗೆ ಬಂದಳು. ಹೆಡ್‌ಮಾಸ್ಟರ್ ಎದುರಿನಿಂದ ಬಂದು, ಅವಳನ್ನು ಬಳಸಿಕೊಂಡು, ನಾಲ್ಕನೇ ತರಗತಿಯ ಬಾಗಿಲು ದಾಟಿ ಒಳಗೆ ಹೋದರು.

"ಬರೆಸ್ಕೊಂಡ್ಯಾ?" ಜಪರ್ ಕೇಳಿದರು.

"ಸರ್, ಆ ಉತ್ತರದ ಹಾಳೆಗಳನ್ನ ಇನ್ನೊಂದ್ಸಲ ನೋಡ್ಬೇಕು."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ನೋಡು. ಬೀರು ತೆಗೆದು ನೋಡು. ಬೀಗದ ಕೈ ನಿನ್ನ ಹತ್ರಾನೇ ಇದೆಯಲ್ಲ."

"ನಿಮ್ಮ ಹತ್ರಾನೂ ಒಂದು..."

"ನನ್ನದನ್ನ ಪರೀಕ್ಷೆಗೆ ಮುಂಚೇನೇ ಗುಮಾಸ್ತರಿಗೆ ಒಪ್ಪಿಸಿದೀನಲ್ಲಮ್ಮ, ರುಜು ತಗೊಂಡು. ಚೀಲ ಬಂದಾಗಿನಿಂದ ಆ ಬೀರು ತೆಗೆಯೋಕೆ ಸಾಧ್ಯ ಇದ್ದಿದ್ದು ನಿನ್ನೊಬ್ಬಳಿಗೇ." ದನಿ ಮೆತ್ತಗಿತ್ತು, ಮಗುವಿಗೆ ಜೋಗುಳ ಹಾಡುವಷ್ಟು ಮೆತ್ತಗೆ. "ಅದಕ್ಕೇ ಹೇಳ್ತಿರೋದು ಸಾದಾತ್. ಬುರುಲ್ ಹೆಸರು ಬರೆದು ಮುಗಿಸು. ಇನ್ನೂ ಹುಡುಕ್ತಾ ಹೋದ್ರೆ ಯಾರಿಗೂ ಒಳ್ಳೇದಲ್ಲ."

ಹಾಗಾದರೆ ತನ್ನ ಕಣ್ಣೆದುರು ಮೇಜಿನ ಮೇಲೆ ಹಾಳೆ ಹರಡಿದ ದಿನ ಇವರು ಬೀರು ತೆಗೆದದ್ದು ಯಾವುದರಿಂದ? ಸಾದಾತ್ ಇನ್ನೊಂದು ಕೈಯಿಂದ ಕೈಚೀಲ ತಡಕಿ ಬೀಗದ ಕೈಗೊಂಚಲು ಎಳೆದಳು. ಮನೆಯದು. ತಾಯಿಯ ಪೆಟ್ಟಿಗೆಯದು. ಮೂರನೆಯದು ಇರಬೇಕಾದ ಜಾಗದಲ್ಲಿ ಒಂದು ಕೀಲಿ ಇತ್ತು, ಅದೇ ಉದ್ದ, ಅದೇ ಭಾರ. ಆದರೆ ಅವಳದು ಹಳೆಯದು, ಸವೆದದ್ದು. ಇದು ಹೊಸದಾಗಿ ಮಿರಮಿರ ಹೊಳೆಯುತ್ತಿತ್ತು. ಇದನ್ನು ಅವಳು ಹಿಂದೆಂದೂ ನೋಡಿರಲಿಲ್ಲ; ಅವಳ ಕೀಲಿ ಎತ್ತಿ ಬೀರು ತೆಗೆದವರು ಇದನ್ನು ಬದಲಿಗೆ ಸಿಕ್ಕಿಸಿದ್ದರು.

ಬುರುಲ್ ಸಹಿ ಹಾಕಿದ ಗಳಿಗೆಯಿಂದ ಹಾಳೆಗಳನ್ನು ಯಾರೂ ತೆರೆದು ನೋಡುವುದಿಲ್ಲ. ಮಾಡದ ತಪ್ಪಿಗೆ ಬುರುಲ್ ಹೊರಗೆ, ಮಾಡಿದವರು ಹಾಗೆಯೇ ಒಳಗೆ.

"ಅಕ್ಕಾ!" ಸಾದಾತ್ ಕೋಣೆಯತ್ತ ಓಡಿದಳು. "ಅಕ್ಕಾ, ಸಹಿ ಹಾಕ್ಬೇಡಿ!"

ಬುರುಲ್ ಬೆಂಚಿನಿಂದ ತಲೆಯೆತ್ತಿದಳು. ಪೆನ್ನು ಅವಳ ಕೈಯಲ್ಲಿತ್ತು, ಕಾಗದ ಇರಲಿಲ್ಲ. ಅದು ಹೆಡ್‌ಮಾಸ್ಟರ್ ಕೈಯಲ್ಲಿತ್ತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಂದು ಕೈಯ ಫೋನನ್ನು ಕೆಳಗಿಳಿಸುತ್ತಿದ್ದರು. ಕಾಗದದ ಕೆಳಗೆ ಬುರುಲ್ ಸಹಿ, ಅಂಚಿನಲ್ಲಿ ನೀಲಿ ಬೆರಳಚ್ಚು.

"ಫೋಟೋ ಕಳಿಸ್ದೆ," ಎಂದರು ಸಗಿನ್‌ಬೆಕ್, ಭಾರ ಇಳಿಸಿಕೊಂಡವರ ಹಾಗೆ. "ಶಾಲೆ ಉಳೀತು."

"ಹಾಂ, ಬಂತು," ಎಂದಿತು ಸಾದಾತ್‌ಳ ಕಿವಿಗೆ ಇನ್ನೂ ಒತ್ತಿಕೊಂಡೇ ಇದ್ದ ಫೋನಿನೊಳಗಿನ ಆ ಮೆತ್ತನೆಯ ದನಿ.